ಕೆಲಸ ಮುಂದೆ, ರೊಕ್ಕ ಹಿಂದೆ

ಕೇಳುಗರಿಗೆ ನಮಸ್ಕಾರ. ಪುಣೆ, ಪಿಂಪ್ರಿ-ಚಿಂಚವಾಡದ ಸುತ್ತ ಒಂದೆರಡು ಗುಂಟೆ ಜಾಗ ಹಿಡಿದು ಸ್ವಂತ ಮನೆ ಕಟ್ಟಿಸುವ ಕನ್ನಡಿಗರು ಬಹಳ ಮಂದಿ ಇದ್ದೀರಿ. "ಕಂಟ್ರಾಕ್ಟರ್ ಬರೋದಿಲ್ಲ, ಫೋನ್ ಎತ್ತೋದಿಲ್ಲ, ಏನು ಮಾಡೋಣ?" ಎಂಬುದೇ ಹೆಚ್ಚಿನವರ ಗೋಳು. ಇವತ್ತು ಒಂದೇ ಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಕೆಲಸ ಮುಂದೆ ಹೋಗಬೇಕು, ರೊಕ್ಕ ಅದರ ಹಿಂದೆ ಬರಬೇಕು.

ವಾಘೋಲಿ ಕಡೆಯ ಒಂದು ಮನೆಯ ವಿಷಯ ಕೇಳಿ. ಕೆಳಗೊಂದು, ಮೇಲೊಂದು ಅಂತಸ್ತು, 30 ಲಕ್ಷದ ಗುತ್ತಿಗೆ. ಮನೆಯವರು ವಿಜಯಪುರದ ಕಡೆಯವರು, ಕಂಟ್ರಾಕ್ಟರೂ ಅಲ್ಲಿಯವರೇ. "ನೀವು ನಮ್ಮವರ ಅದೀರಿ, ದೊಡ್ಡ ಕಾಗದ ಯಾತಕ್ರಿ?" ಎಂದು ಒಂದು ಹಾಳೆಯ ಮೇಲೆ ಕಂತು ಗೀಚಿಕೊಂಡರು. ಮಾತು ಮುಗಿದ ದಿನ ಶೇ. 20, ಪ್ಲಿಂತ್‌ಗೆ (ನೆಲದಿಂದ ಮೇಲೆದ್ದ ಪಾಯದ ಕಟ್ಟೆಗೆ) 20, ಮೊದಲ ಸ್ಲ್ಯಾಬಿಗೆ 25, ಎರಡನೆಯದಕ್ಕೆ 20. ಕೂಡಿಸಿ ನೋಡಿ. ಎರಡನೇ ಸ್ಲ್ಯಾಬ್ ಹಾಕಿದ ದಿನ 25.5 ಲಕ್ಷ ಕೈಬಿಟ್ಟಿತ್ತು, ಉಳಿದದ್ದು 4.5 ಲಕ್ಷ. ಆದರೆ ಇಟ್ಟಂಗಿ ಗೋಡೆ, ಒಳಹೊರಗಿನ ಪ್ಲಾಸ್ಟರ್, ವೈರಿಂಗ್, ನಳ, ಟೈಲ್ಸ್, ಬಾಗಿಲು, ಕಿಟಕಿ, ಬಣ್ಣ ಎಲ್ಲ ಬಾಕಿ. ಮನೆಯ ಹೆಚ್ಚುಕಡಿಮೆ ಅರ್ಧ ಖರ್ಚು ಇರುವುದೇ ಅಲ್ಲಿ!

ಈಗ ಕಂಟ್ರಾಕ್ಟರ್ ಜಾಗದಲ್ಲಿ ಕುಳಿತು ಲೆಕ್ಕ ಹಾಕಿ. ಇಲ್ಲಿ ನಿಂತರೆ ಕೈಯಿಂದ ಹಾಕಬೇಕು, ಹೊಸ ಸೈಟಿಗೆ ಹೋದರೆ ಹೊಸ ಅಡ್ವಾನ್ಸ್ ಸಿಗುತ್ತದೆ. ಸೆಂಟ್ರಿಂಗ್ ಪ್ಲೇಟು, ಮಿಕ್ಸರು, ಗೌಂಡಿಗಳು ಎಲ್ಲ ಆ ಕಡೆ ಹೋದವು. ಈ ಕಡೆ ಫೋನಿಗೆ ದಿನಕ್ಕೊಂದು ಉತ್ತರ: "ಗೌಂಡಿಗೆ ಜ್ವರ ಬಂದಾವ್ರಿ", "ಉಸುಕು ಬಂದಿಲ್ರಿ", "ಮಂದಿ ಜಾತ್ರಿಗೆ ಹೋಗ್ಯಾರ್ರಿ". ಅಷ್ಟರಲ್ಲಿ ಜೂನ್ ಬಂತು. ತಾರಸಿಗೆ ಬ್ರಿಕ್‌ಬ್ಯಾಟ್ ಕೋಬಾ, ಅಂದರೆ ನೀರು ಇಳಿಯದಂತೆ ಹಾಕುವ ಇಟ್ಟಂಗಿ ಚೂರಿನ ಪದರ, ಬಿದ್ದಿರಲಿಲ್ಲ. ಮಳೆನೀರು ಸ್ಲ್ಯಾಬಿನ ಮೇಲೆ ನಿಂತು ಫ್ಯಾನ್ ಬಾಕ್ಸಿನ ಸಂದಿಯಿಂದ ಕೆಳಗೆ ತೊಟ್ಟಿಕ್ಕತೊಡಗಿತು. ಮೆಟ್ಟಿಲ ಕೋಣೆಗೆಂದು ಬಿಟ್ಟಿದ್ದ ಕಂಬದ ಸರಳುಗಳನ್ನು ಉಜ್ಜಿದರೆ ಅಂಗೈಗೆ ಕೆಂಪು ತುಕ್ಕು ಹತ್ತುತ್ತಿತ್ತು. ಮನೆಯವರು ಬಾಡಿಗೆಯನ್ನೂ ಕಟ್ಟಿದರು, ಬ್ಯಾಂಕಿನ ಬಡ್ಡಿಯನ್ನೂ ಕಟ್ಟಿದರು. ಆ ಕಂಟ್ರಾಕ್ಟರನ್ನು ಬೈದು ಪ್ರಯೋಜನವಿಲ್ಲ, ಕಂತೇ ಹಾಗಿತ್ತು. ರೊಕ್ಕ ಮುಂದೆ ಹೋಗಿತ್ತು, ಕೆಲಸ ಹಿಂದೆ ಉಳಿದಿತ್ತು.

ಹಾಗಾದರೆ ಕಂತು ಹೇಗಿರಬೇಕು? ಮುಂಗಡ ಶೇ. 5. ಪ್ಲಿಂತ್ ಮುಗಿದ ಮೇಲೆ 10. ಒಂದೊಂದು ಸ್ಲ್ಯಾಬಿಗೆ 15. ಎರಡೂ ಸ್ಲ್ಯಾಬ್ ಆದಾಗ ನೀವು ಕೊಟ್ಟದ್ದು 45 ದಾಟಬಾರದು. ಉಳಿದ 55ನ್ನು ಗೋಡೆ, ಪ್ಲಾಸ್ಟರ್, ವೈರಿಂಗ್, ಟೈಲ್ಸ್, ಬಣ್ಣ ಎಂದು ಬಿಡಿಬಿಡಿಯಾಗಿ ಹಂಚಿ. ಅದರಲ್ಲಿ ಕೊನೆಯ 5 ಒಂದು ಮಳೆಗಾಲ ದಾಟುವ ತನಕ ನಿಮ್ಮ ಹತ್ತಿರವೇ ಇರಲಿ. "ಸಾಮಾನಿಗೆ ರೊಕ್ಕ ಬೇಕು" ಎಂದರೆ ಸಿಮೆಂಟು, ಕಬ್ಬಿಣದ ಬಿಲ್ಲನ್ನು ಅಂಗಡಿಗೆ ನೀವೇ ಕಟ್ಟಿ, ಮುಂದಿನ ಕಂತಿನಲ್ಲಿ ಮುರಿದುಕೊಳ್ಳಿ. ದಯವಿಟ್ಟು ತಾರೀಖು ನೋಡಿ ಹಣ ಕೊಡಬೇಡಿ. ದೀಪಾವಳಿಗೆಂದು ಕೇಳಿದರೂ ಕೊಡಬೇಡಿ. ಮುಗಿದ ಕೆಲಸ ನೋಡಿ ಕೊಡಿ.

ಒಂದು ಕಡೆ ಮಾತ್ರ ಅವಸರ ಬೇಡ. ಸ್ಲ್ಯಾಬಿಗೆ ಕನಿಷ್ಠ 7 ದಿನ ನೀರು ಕಟ್ಟಬೇಕು, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಾದರೆ 10 ದಿನ. ಸ್ಲ್ಯಾಬಿನ ಹರವು (ಒಂದು ಗೋಡೆ ಅಥವಾ ಬೀಮಿನಿಂದ ಇನ್ನೊಂದಕ್ಕೆ) 4.5 ಮೀಟರ್ ದಾಟಿದರೆ ಕೆಳಗಿನ ಆಧಾರವನ್ನು 14 ದಿನ ಮುಟ್ಟುವಂತಿಲ್ಲ. 6 ಮೀಟರ್ ಒಳಗಿನ ಬೀಮಿಗೂ ಅಷ್ಟೇ. ಇದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಮಾತು. ಹೋದ ದಿನಗಳನ್ನು ಇಲ್ಲಿ ತುಂಬಿಕೊಳ್ಳಲು ಹೋಗಬೇಡಿ. ಹಾಗೆಯೇ ಲೈಟಿನ ಪಾಯಿಂಟುಗಳನ್ನು ಸ್ಲ್ಯಾಬಿಗೆ ಮೊದಲೇ ಗುರುತಿಸಿಕೊಡಿ, ಟೈಲ್ಸನ್ನು ಪ್ಲಾಸ್ಟರ್ ನಡೆಯುವಾಗಲೇ ಆರಿಸಿಡಿ. ನಿಮ್ಮಿಂದಾದ ತಡಕ್ಕೆ ಅವರನ್ನು ಕೇಳುವ ಹಾಗಿಲ್ಲ.

ಸಮಯ ಕಡಿಮೆ ಇದೆ, ಕಾಯ್ದೆಯ ಮಾತು ಚುಟುಕಾಗಿ. ನೀವು ಇರುವುದಕ್ಕೆಂದು ಕಟ್ಟಿಸುವ ಒಂಟಿ ಮನೆಯ ಜಗಳಕ್ಕೆ ಮಹಾರೇರಾ (ಬಿಲ್ಡರುಗಳ ಮೇಲೆ ನಿಗಾ ಇಡುವ ಮಹಾರಾಷ್ಟ್ರದ ಪ್ರಾಧಿಕಾರ) ಇಲ್ಲ. ನಿಮಗಿರುವುದು 1872ರ ಕರಾರು ಕಾಯ್ದೆ ಮತ್ತು ಗ್ರಾಹಕ ಆಯೋಗ. ಕರಾರಿನಲ್ಲಿ ಗಡುವು ಬರೆಸಿ, ಆ ಗಡುವೇ ಮುಖ್ಯ ಎಂದೂ ಬರೆಸಿ. ಗಡುವು ದಾಟಿ ಬಂದ ಕೆಲಸವನ್ನು ಸುಮ್ಮನೆ ಒಪ್ಪಿಕೊಂಡರೆ 55ನೇ ಕಲಮಿನ ಪ್ರಕಾರ ಆ ತಡಕ್ಕೆ ಆಮೇಲೆ ಪರಿಹಾರ ಕೇಳಲು ಬರುವುದಿಲ್ಲ. ಒಪ್ಪುವಾಗಲೇ "ತಡಕ್ಕೆ ಪರಿಹಾರ ಕೇಳುತ್ತೇನೆ" ಎಂದು ಬರೆದು ಸ್ಪೀಡ್ ಪೋಸ್ಟ್ ಮಾಡಿ, ವಾಟ್ಸಾಪ್‌ನಲ್ಲೂ ಹಾಕಿ.

ಕಂಟ್ರಾಕ್ಟರನ್ನು ಬಿಡಿಸಲೇಬೇಕಾಗಿ ಬಂದರೆ, ಹೊಸ ಗೌಂಡಿಯನ್ನು ಕರೆಯುವ ಮೊದಲು ಎಂಜಿನಿಯರನ್ನು ಕರೆಸಿ ಆಗಿರುವ ಕೆಲಸದ ಅಳತೆ ಹಿಡಿಸಿ. ಗೋಡೆ ಎಷ್ಟು ಎತ್ತರ ಬಂದಿದೆ, ಸಿಮೆಂಟ್ ಚೀಲ ಎಷ್ಟು, ಸರಳು ಎಷ್ಟು ಬಾಕಿ ಎಂದು ಬರೆದು, ಫೋಟೊ ತೆಗೆದು, ನೀವೂ ಹಳೆಯ ಕಂಟ್ರಾಕ್ಟರೂ ಇಬ್ಬರೂ ಸಹಿ ಮಾಡಿ. ಹಳೆಯ ಗೋಡೆಯ ಮೇಲೆ ಹೊಸಬರ ಪ್ಲಾಸ್ಟರ್ ಒಮ್ಮೆ ಬಿದ್ದರೆ ಯಾರು ಎಷ್ಟು ಮಾಡಿದರು ಎಂದು ಯಾರೂ ಹೇಳಲಾರರು. ನಮಸ್ಕಾರ.