ವೇದಿಕೆಯ ಆಚೆಗೂ ನೋಡಿದ ಒಂದು ಜಾಝ್ ಪ್ರಶಸ್ತಿ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕೆಂದಿರುವುದು ಅಮೆರಿಕದ ಒಂದು ಪ್ರಶಸ್ತಿಯ ಬಗ್ಗೆ. ಅದರ ಹೆಸರು ಜಾಝ್ ಮಾಸ್ಟರ್ಸ್. ಅಲ್ಲಿನ ಸರ್ಕಾರದ ಕಲಾ ಸಂಸ್ಥೆ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ಇದನ್ನು 1982ರಿಂದ ಕೊಡುತ್ತಾ ಬಂದಿದೆ. ಜಾಝ್ ಲೋಕದವರಿಗೆ ಆ ದೇಶ ಕೊಡುವ ದೊಡ್ಡ ಗೌರವ ಇದು. ಈಗ ಇದರ ಜೊತೆ 25,000 ಡಾಲರ್ ಹಣವೂ ಇರುತ್ತದೆ.

ಪ್ರಶಸ್ತಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಶಾಲು, ಹಾರ, ಫಲಕ, ಒಂದು ಗ್ರೂಪ್ ಫೋಟೋ. ಅಷ್ಟೇ ಆಗಿದ್ದರೆ ಇಷ್ಟು ಜನರನ್ನು ಕೂರಿಸಿಕೊಂಡು ಮಾತಾಡುವ ಅಗತ್ಯ ಇರಲಿಲ್ಲ. ಈ ಪ್ರಶಸ್ತಿ ಶುರುವಾಗಿದ್ದು ವಾದ್ಯ ನುಡಿಸುವವರಿಗಾಗಿ. ಹೋಗ್ತಾ ಹೋಗ್ತಾ ಅದು ಕ್ಲಬ್ಬು ನಡೆಸಿದ ಹೆಂಗಸನ್ನೂ, ಊರೂರಿನ ಹುಡುಗರಿಗೆ ಕಲಿಸಿದ ಮೇಷ್ಟ್ರನ್ನೂ, ಸಂಗೀತಗಾರರ ಮನೆ ಬಾಡಿಗೆ ಕಟ್ಟಿದವರನ್ನೂ ಹುಡುಕಿಕೊಂಡು ಹೋಯಿತು. ಒಂದು ಸಂಗೀತ ಉಳಿಯಬೇಕಾದರೆ ಇವರೆಲ್ಲ ಬೇಕು ಅಂತ ಒಂದು ಸರ್ಕಾರ ಒಪ್ಪಿಕೊಂಡಿತಲ್ಲ, ಅದು ನನಗೆ ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಮೊದಲ ವರ್ಷದಿಂದ ಶುರು ಮಾಡೋಣ. 1982ರಲ್ಲಿ ಆಯ್ಕೆಯಾದವರು ಮೂವರು: ಡಿಝಿ ಗಿಲೆಸ್ಪಿ, ರಾಯ್ ಎಲ್‌ಡ್ರಿಜ್ ಮತ್ತು ತಮ್ಮದೇ ದೊಡ್ಡ ತಂಡ ನಡೆಸುತ್ತಿದ್ದ ಸನ್ ರಾ. ಗಿಲೆಸ್ಪಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆನ್ನೆ ಉಬ್ಬಿಸಿ, ಬಾಯಿ ಮೇಲಕ್ಕೆ ಬಾಗಿದ ಟ್ರಂಪೆಟ್ ಊದುವ ಅವರ ಚಿತ್ರ ನೀವೆಲ್ಲ ನೋಡಿರುತ್ತೀರಿ. ಅವರು ಹುಡುಗನಾಗಿದ್ದಾಗ ಯಾರ ಹಾಗೆ ನುಡಿಸಬೇಕು ಅಂತ ಆಸೆಪಟ್ಟಿದ್ದರೋ ಆ ವ್ಯಕ್ತಿಯೇ ರಾಯ್ ಎಲ್‌ಡ್ರಿಜ್. ಅಂದರೆ ಗುರುವಿನಂಥವರಿಗೂ ಶಿಷ್ಯನಂಥವರಿಗೂ ಒಂದೇ ವರ್ಷ ಗೌರವ. ಆದರೆ ಎಲ್‌ಡ್ರಿಜ್‌ಗೆ 1980ರಲ್ಲೇ ಹೃದಯಾಘಾತವಾಗಿತ್ತು. ಟ್ರಂಪೆಟ್ ಊದುವುದನ್ನು ಅವರು ಬಿಟ್ಟುಬಿಟ್ಟಿದ್ದರು. ಯಾವ ವಾದ್ಯಕ್ಕಾಗಿ ದೇಶ ಅವರನ್ನು ಕರೆದು ಗೌರವಿಸಿತೋ ಆ ವಾದ್ಯವನ್ನು ತುಟಿಗಿಡಲು ಅವರಿಗೆ ಆಗುತ್ತಿರಲಿಲ್ಲ. ಅದೇ 1982ರ ಫೆಬ್ರವರಿಯಲ್ಲಿ ಪಿಯಾನೋ ವಾದಕ ಥೆಲೋನಿಯಸ್ ಮಾಂಕ್ ತೀರಿಕೊಂಡರು. ಈ ಪ್ರಶಸ್ತಿ ಬದುಕಿರುವವರಿಗೆ ಮಾತ್ರ. ಹಾಗಾಗಿ ಜಾಝ್ ಚರಿತ್ರೆಯ ಅಷ್ಟು ದೊಡ್ಡ ಹೆಸರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಇದನ್ನು ನೋಡಿದಾಗ ಒಂದು ಮಾತಂತೂ ಸ್ಪಷ್ಟ. ಇಂಥ ಕೆಲಸ ತಡವಾಗಿ ಶುರುವಾಯಿತು.

ಯಾಕೆ ತಡವಾಯಿತು ಅಂತ ನೀವು ಕೇಳಬಹುದು. ಜಾಝ್ ಕಪ್ಪು ಜನರ ಮಧ್ಯೆ ಹುಟ್ಟಿದ ಸಂಗೀತ. ಹಲವು ದಶಕಗಳ ಕಾಲ ಅದು ಕ್ಲಬ್ಬಿನ, ಕುಡಿತದ, ರಾತ್ರಿಯ ಸಂಗೀತ ಅಂತಲೇ ಅನ್ನಿಸಿಕೊಂಡಿತ್ತು. ಗೌರವವೆಲ್ಲ ಸಿಂಫನಿಗೆ, ಆಪೆರಾಗೆ. ಅಮೆರಿಕದ ಸಂಸತ್ತು ಜಾಝ್ ಅನ್ನು ರಾಷ್ಟ್ರದ ಅಪರೂಪದ ಸಂಪತ್ತು ಅಂತ ನಿರ್ಣಯ ಮಾಡಿ ಹೇಳಿದ್ದು 1987ರಲ್ಲಿ. ಡೆಟ್ರಾಯಿಟ್‌ನ ಸಂಸದ ಜಾನ್ ಕಾನ್ಯರ್ಸ್ ಹಟ ಹಿಡಿದು ಆ ನಿರ್ಣಯ ತಂದರು. ಅಷ್ಟು ಹೊತ್ತಿಗೆ ಜಾಝ್‌ನ ದೊಡ್ಡ ದೊಡ್ಡ ಸಂಗೀತಗಾರರಾದ ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್, ಚಾರ್ಲಿ ಪಾರ್ಕರ್, ಜಾನ್ ಕೋಲ್ಟ್ರೇನ್ ಯಾರೂ ಬದುಕಿರಲಿಲ್ಲ.

ಇನ್ನು 2004ಕ್ಕೆ ಬರುತ್ತೇನೆ. ಆ ವರ್ಷ ಈ ಪ್ರಶಸ್ತಿಯಲ್ಲಿ ಇನ್ನೊಂದು ವಿಭಾಗ ಸೇರಿತು. ಸ್ವತಃ ನುಡಿಸದಿದ್ದರೂ ಜಾಝ್‌ಗಾಗಿ ದುಡಿದವರಿಗೆ ಅದು. ಆಮೇಲೆ ಅದಕ್ಕೆ ಎ. ಬಿ. ಸ್ಪೆಲ್‌ಮನ್ ಹೆಸರಿಟ್ಟರು. ಅವರು ಕವಿ, ಜಾಝ್ ಬಗ್ಗೆ ಬರೆದವರು, ಆ ಸಂಸ್ಥೆಯಲ್ಲೇ ಬಹಳ ವರ್ಷ ಕೆಲಸ ಮಾಡಿದವರು. ಮೊದಲು ಇದು ಸಿಕ್ಕಿದ್ದು ವಿಮರ್ಶಕ ನ್ಯಾಟ್ ಹೆಂಟಾಫ್‌ಗೆ. ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಗೊತ್ತಾಗಿದ್ದು 2013ರಲ್ಲಿ, ಲೊರೇನ್ ಗಾರ್ಡನ್ ಹೆಸರು ಪಟ್ಟಿಯಲ್ಲಿ ಬಂದಾಗ.

ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಅಂತ ಒಂದು ಕ್ಲಬ್ಬಿದೆ. ಮ್ಯಾಕ್ಸ್ ಗಾರ್ಡನ್ ಅದನ್ನು 1935ರಲ್ಲಿ ತೆರೆದರು. ಸೆವೆಂತ್ ಅವೆನ್ಯೂ ಸೌತ್ ರಸ್ತೆಯಲ್ಲಿ ಒಂದು ಸಣ್ಣ ಬಾಗಿಲು, ಕಡಿದಾದ ಮೆಟ್ಟಿಲು, ಕೆಳಗಿಳಿದರೆ ನೆಲಮಾಳಿಗೆ. ಕೋಣೆ ಚೌಕವಾಗಿಲ್ಲ. ಒಂದು ಕಡೆ ಅಗಲವಾಗಿ ಶುರುವಾಗಿ ವೇದಿಕೆಯ ಹತ್ತಿರ ಬರುತ್ತಾ ಕಿರಿದಾಗುತ್ತದೆ. ನೂರಿಪ್ಪತ್ತು ಚಿಲ್ಲರೆ ಜನ ಕೂತರೆ ಭರ್ತಿ. ನಮ್ಮ ಒಂದು ಸಾಧಾರಣ ಕಲ್ಯಾಣ ಮಂಟಪದ ಊಟದ ಹಾಲ್ ಕೂಡ ಇದಕ್ಕಿಂತ ದೊಡ್ಡದು. ಆದರೆ ಅಲ್ಲಿ ದನಿ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಅಂದರೆ, 1957ರಲ್ಲಿ ಸ್ಯಾಕ್ಸೊಫೋನ್ ವಾದಕ ಸಾನಿ ರಾಲಿನ್ಸ್, 1961ರಲ್ಲಿ ಪಿಯಾನೋ ವಾದಕ ಬಿಲ್ ಎವಾನ್ಸ್ ಮತ್ತು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅಲ್ಲೇ ಜನರ ಎದುರು ನುಡಿಸಿ ರೆಕಾರ್ಡ್ ಮಾಡಿದರು. ಬಿಲ್ ಎವಾನ್ಸ್ ರೆಕಾರ್ಡ್ ಹಾಕಿ ಗಮನ ಕೊಟ್ಟು ಕೇಳಿ. ಪಿಯಾನೋ ಹಿಂದೆ ಗ್ಲಾಸುಗಳು ತಾಗುವ ಸದ್ದು, ಯಾರೋ ಮಾತಾಡುವ ಸದ್ದು ಎಲ್ಲ ಇದೆ. ಅದು 1961ರ ಜೂನ್ 25, ಭಾನುವಾರ. ಕೇಳುಗರಲ್ಲಿ ಕೆಲವರಿಗೆ ತಾವು ಏನು ಕೇಳುತ್ತಿದ್ದೇವೆ ಅಂತ ಗೊತ್ತೇ ಇರಲಿಲ್ಲ. ಇವತ್ತು ಜಗತ್ತಿನ ಪಿಯಾನೋ ವಿದ್ಯಾರ್ಥಿಗಳು ಅದನ್ನು ಸ್ವರ ಸ್ವರ ಬರೆದುಕೊಂಡು ಕಲಿಯುತ್ತಾರೆ.

ಲೊರೇನ್ ಈ ಕಥೆಯೊಳಗೆ ಬಂದಿದ್ದು ಅದಕ್ಕೂ ಮೊದಲು. ಆಗ ಅವರು ಬ್ಲೂ ನೋಟ್ ರೆಕಾರ್ಡ್ ಕಂಪನಿಯ ಆಲ್‌ಫ್ರೆಡ್ ಲಯನ್ ಅವರ ಹೆಂಡತಿ. ನಾನು ಆಗಲೇ ಹೇಳಿದ ಥೆಲೋನಿಯಸ್ ಮಾಂಕ್ ಇದ್ದಾರಲ್ಲ, ಅವರ ಸಂಗೀತ ಆಗ ಯಾರಿಗೂ ಬೇಕಿರಲಿಲ್ಲ. ಅವರಿಗೆ ಸರಿಯಾಗಿ ನುಡಿಸಲಿಕ್ಕೇ ಬರುವುದಿಲ್ಲ ಅಂತ ಅಂಗಡಿಯವರು ಹೇಳುತ್ತಿದ್ದ ಕಾಲ. ಲೊರೇನ್ ಆ ರೆಕಾರ್ಡುಗಳನ್ನು ಹೊತ್ತುಕೊಂಡು ಅಂಗಡಿ ಅಂಗಡಿ ತಿರುಗಿದರು. ಮ್ಯಾಕ್ಸ್ ಗಾರ್ಡನ್ ಸಿಕ್ಕಾಗ ಅವರನ್ನೂ ಬಿಡಲಿಲ್ಲ. ಮಾಂಕ್‌ಗೆ ಒಂದು ವಾರ ಅವಕಾಶ ಕೊಡಿ ಅಂತ ಹಿಡಿದುಕೊಂಡು ಕೂತರು. 1948ರಲ್ಲಿ ಮ್ಯಾಕ್ಸ್ ಒಪ್ಪಿದರು. ಜನ ಬರಲಿಲ್ಲ. ಕ್ಲಬ್ಬು ಖಾಲಿ ಹೊಡೆಯಿತು. ಆದರೂ ಮಾಂಕ್ ಮೇಲಿನ ಲೊರೇನ್ ಅವರ ನಂಬಿಕೆ ಒಂದಿಷ್ಟೂ ಕಡಿಮೆ ಆಗಲಿಲ್ಲ. ಮುಂದೆ ಅವರು ಮ್ಯಾಕ್ಸ್ ಅವರನ್ನೇ ಮದುವೆಯಾದರು.

1989ರ ಮೇ ತಿಂಗಳಲ್ಲಿ ಮ್ಯಾಕ್ಸ್ ತೀರಿಕೊಂಡರು. ಲೊರೇನ್ ಆ ರಾತ್ರಿ ಕ್ಲಬ್ಬು ಮುಚ್ಚಿದರು. ಮರುದಿನ ತೆರೆದರು. ಆಮೇಲೆ ಸುಮಾರು ಮೂವತ್ತು ವರ್ಷ, 2018ರಲ್ಲಿ ತೊಂಬತ್ತೈದು ದಾಟಿ ಸಾಯುವ ತನಕ, ಆ ಜಾಗಕ್ಕೆ ಅವರೇ ಯಜಮಾನಿ. ಅಡುಗೆಮನೆಯನ್ನು ಆಫೀಸು ಮಾಡಿಕೊಂಡಿದ್ದರು. ಸಂಗೀತಗಾರರು ವಿರಾಮದಲ್ಲಿ ಬಂದು ಕೂರುತ್ತಿದ್ದುದೂ ಅಲ್ಲೇ. ಪ್ರತಿ ಸೋಮವಾರ ಅಲ್ಲಿ ದೊಡ್ಡ ಆರ್ಕೆಸ್ಟ್ರಾ ನುಡಿಸುವ ಪದ್ಧತಿ 1966ರಲ್ಲಿ ಟ್ರಂಪೆಟ್ ವಾದಕ ಥ್ಯಾಡ್ ಜೋನ್ಸ್, ಡ್ರಮ್ಸ್ ವಾದಕ ಮೆಲ್ ಲೂಯಿಸ್ ಶುರು ಮಾಡಿದ್ದು. ಅವರಿಬ್ಬರೂ ಹೋದ ಮೇಲೂ ಆ ಸೋಮವಾರ ನಿಲ್ಲಲಿಲ್ಲ. ಹದಿನಾರು ಜನರ ತಂಡವನ್ನು ಅಷ್ಟು ಸಣ್ಣ ಜಾಗದಲ್ಲಿ ಕೂರಿಸಿದರೆ ಲಾಭ ಎಷ್ಟು ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಇಂಥ ಹಟ ಇಲ್ಲದೆ ಯಾವ ಸಂಗೀತವೂ ಬೆಳೆದಿಲ್ಲ.

ಜಾಗ ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮವರದ್ದೇ ಒಂದು ಉದಾಹರಣೆ ಇದೆ. ಮುಂಬೈಯಲ್ಲಿ 1978ರಲ್ಲಿ ನಿರಂಜನ್ ಝವೇರಿ ಜಾಝ್ ಯಾತ್ರಾ ಅನ್ನುವ ಉತ್ಸವ ಶುರು ಮಾಡಿದರು. 1980ರ ಉತ್ಸವದಲ್ಲಿ ನಮ್ಮ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಅದನ್ನು ಕೇಳಿದ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಾವೂ ಜೊತೆಗೆ ನುಡಿಸಬಹುದೇ ಅಂತ ಕೇಳಿ ವೇದಿಕೆ ಹತ್ತಿದರು. ಬಂಟ್ವಾಳದ ಕಡೆಯ ನಾಗಸ್ವರದ ಮನೆತನದ ಹುಡುಗನ ಹೆಸರು ಜಾಝ್ ಲೋಕಕ್ಕೆ ಗೊತ್ತಾಗಿದ್ದು ಹಾಗೆ. ಮುಂದೆ 2008ರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಕದ್ರಿಯವರ ಜೊತೆ ಒಂದು ಆಲ್ಬಮ್ಮನ್ನೇ ಮಾಡಿದರು. ಯಾರೋ ಒಬ್ಬರು ಮೈಮೇಲೆ ಹಾಕಿಕೊಂಡು ಉತ್ಸವ ನಡೆಸದೆ ಇದ್ದಿದ್ದರೆ ಆ ಮೊದಲ ಭೇಟಿ ಎಲ್ಲಿ ಆಗಬೇಕಿತ್ತು, ಹೇಳಿ.

ಈಗ ಮೇಷ್ಟ್ರುಗಳ ಕಡೆ ಬರೋಣ. ಡೇವಿಡ್ ಬೇಕರ್ ಕಥೆ ನನಗೆ ಬಹಳ ಹಿಡಿಸಿದ್ದು. ಇಂಡಿಯಾನಾಪೊಲಿಸ್‌ನಲ್ಲಿ 1931ರಲ್ಲಿ ಹುಟ್ಟಿದವರು. ಟ್ರಂಬೋನ್ ಅನ್ನುವ ಊದುವ ವಾದ್ಯ ನುಡಿಸುತ್ತಿದ್ದವರು. 1953ರಲ್ಲಿ ಕಾರು ಅಪಘಾತದಲ್ಲಿ ದವಡೆಗೆ ಪೆಟ್ಟಾಯಿತು. ಅದನ್ನು ಸಹಿಸಿಕೊಂಡೇ ವರ್ಷಗಟ್ಟಲೆ ನುಡಿಸಿದರು. ಜಾರ್ಜ್ ರಸೆಲ್ ತಂಡದಲ್ಲಿ ಹೆಸರು ಮಾಡಿದರು. ಹೆಸರು ಬರುವ ಹೊತ್ತಿಗೆ ಸರಿಯಾಗಿ ದವಡೆ ಕೈಕೊಟ್ಟಿತು. ಟ್ರಂಬೋನ್ ಬಿಡಲೇಬೇಕಾಯಿತು. ಮೂವತ್ತು ದಾಟಿದ ಮೇಲೆ ಆ ಮನುಷ್ಯ ಪಿಟೀಲಿನ ಜಾತಿಯ ದೊಡ್ಡ ವಾದ್ಯ ಚೆಲ್ಲೋ ಕಲಿಯಲು ಕೂತರು. ಜೊತೆಗೆ ಸ್ವರ ರಚನೆ, ಪಾಠ. 1960ರ ದಶಕದ ಕೊನೆಗೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜಾಝ್ ಪದವಿ ಕೋರ್ಸ್ ಕಟ್ಟಿದರು. ಆಗ ಎಷ್ಟೋ ಸಂಗೀತ ಕಾಲೇಜುಗಳ ಅಭ್ಯಾಸದ ಕೋಣೆಗಳಲ್ಲಿ ಜಾಝ್ ನುಡಿಸಿದರೆ ಬೈಸಿಕೊಳ್ಳಬೇಕಿತ್ತು. ಅಂಥ ಕಾಲದಲ್ಲಿ ಕ್ಲಬ್ಬಿನಲ್ಲಿ ಕಿವಿಯಿಂದ ಕಿವಿಗೆ ದಾಟುತ್ತಿದ್ದುದನ್ನು ಅವರು ಪಾಠವಾಗಿ ಬರೆದರು. ಯಾವ ಸ್ವರ ಬಲವಾದ ಪೆಟ್ಟಿನ ಮೇಲೆ ಬೀಳಬೇಕು, ಅದಕ್ಕಾಗಿ ಸ್ವರಶ್ರೇಣಿಯಲ್ಲಿ ಎಲ್ಲಿ ಒಂದು ಹೆಚ್ಚಿನ ಸ್ವರ ಸೇರಿಸಬೇಕು, ಇಂಥ ಸೂಕ್ಷ್ಮಗಳನ್ನು ಬಿಡಿಸಿ ಬಿಡಿಸಿ ತೋರಿಸಿದರು. 2000ದಲ್ಲಿ ಅವರು ಜಾಝ್ ಮಾಸ್ಟರ್ ಆದರು.

ಅದೇ ಇಂಡಿಯಾನಾದ ಇನ್ನೊಬ್ಬರು ಜೇಮಿ ಏಬರ್‌ಸೋಲ್ಡ್. 2014ರಲ್ಲಿ ಸ್ಪೆಲ್‌ಮನ್ ಪ್ರಶಸ್ತಿ ಪಡೆದವರು. ಅವರು 1967ರಿಂದ ತಂದ ರೆಕಾರ್ಡುಗಳಲ್ಲಿ ಒಂದು ಜಾಣತನ ಇತ್ತು. ಪಿಯಾನೋ ಒಂದು ಸ್ಪೀಕರಿನಲ್ಲಿ, ತಗ್ಗಿನ ಸ್ವರದ ತಂತಿವಾದ್ಯ ಬೇಸ್ ಇನ್ನೊಂದರಲ್ಲಿ. ಮುಖ್ಯ ವಾದ್ಯ ಇಲ್ಲವೇ ಇಲ್ಲ, ಅದು ನಿಮ್ಮದು. ನೀವು ಬೇಸ್ ಕಲಿಯುವವರಾದರೆ ಆ ಕಡೆಯ ಸ್ಪೀಕರ್ ಕಡಿಮೆ ಮಾಡಿ ನೀವೇ ನುಡಿಸಬಹುದು. ಜಾಝ್ ನುಡಿಸುವವರು ಒಬ್ಬರೂ ಇಲ್ಲದ ಊರಿನ ಹುಡುಗನಿಗೆ ಪಕ್ಕವಾದ್ಯದವರು ಮನೆಗೇ ಬಂದ ಹಾಗಾಯಿತು. ನಮ್ಮಲ್ಲಿ ಶ್ರುತಿಪೆಟ್ಟಿಗೆ, ತಾಳದ ಆ್ಯಪ್ ಇಟ್ಟುಕೊಂಡು ಒಬ್ಬರೇ ಕೂತು ಅಭ್ಯಾಸ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ, ಅಲ್ವಾ?

ಯಂತ್ರ ಇಲ್ಲದೆ ಎದುರು ಕೂರಿಸಿಕೊಂಡು ಕಲಿಸಿದವರೂ ಇದ್ದಾರೆ. ಪಿಯಾನೋ ವಾದಕ ಬ್ಯಾರಿ ಹ್ಯಾರಿಸ್ 1989ರಲ್ಲಿ ಜಾಝ್ ಮಾಸ್ಟರ್ ಆದವರು. ನ್ಯೂಯಾರ್ಕಿನಲ್ಲಿ ವಾರಕ್ಕೊಮ್ಮೆ ಯಾರು ಬಂದರೂ ಕೂತು ಕಲಿಯಬಹುದಾದ ತರಗತಿ ನಡೆಸುತ್ತಿದ್ದರು. 2021ರಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ ಅವರು ಹೋದರು. ಆ ಕೊನೆಯ ವರ್ಷಗಳಲ್ಲೂ ಪಾಠ ಬಿಟ್ಟಿರಲಿಲ್ಲ.

ಪಟ್ಟಿಯಲ್ಲಿ ನನಗೆ ತೀರಾ ಹತ್ತಿರ ಅನ್ನಿಸುವ ಹೆಸರು 2016ರ ವೆಂಡಿ ಆಕ್ಸನ್‌ಹಾರ್ನ್. ಅವರು ಜಾಝ್ ಫೌಂಡೇಶನ್ ಆಫ್ ಅಮೆರಿಕ ನಡೆಸಿದವರು. ವಯಸ್ಸಾದ ಸಂಗೀತಗಾರರ ಬಾಡಿಗೆ ಕಟ್ಟುವುದು, ಔಷಧಿ ಕೊಡಿಸುವುದು, ನುಡಿಸಲು ಕೆಲಸ ಹುಡುಕಿಕೊಡುವುದು ಆ ಸಂಸ್ಥೆಯ ಕೆಲಸ. ಜೀವನಪೂರ್ತಿ ಕ್ಲಬ್ಬಿನಲ್ಲಿ ಅವತ್ತಿನ ಕೂಲಿಗೆ ನುಡಿಸಿದವರಿಗೆ ಪಿಂಚಣಿ ಎಲ್ಲಿಂದ ಬರಬೇಕು? ಆರೋಗ್ಯ ವಿಮೆ ಎಲ್ಲಿಂದ ಬರಬೇಕು? ಈ ಸಂಸ್ಥೆ ಕೊಡಿಸಿದ ಉಚಿತ ಚಿಕಿತ್ಸೆಯ ಹಿಂದೆ ಡಿಝಿ ಗಿಲೆಸ್ಪಿ ಇದ್ದಾರೆ. 1993ರ ಜನವರಿಯಲ್ಲಿ ನ್ಯೂಜೆರ್ಸಿಯ ಎಂಗಲ್‌ವುಡ್ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹಣ ಕೊಡಲಾಗದ ಸಂಗೀತಗಾರರಿಗೆ ಇಲ್ಲಿ ಚಿಕಿತ್ಸೆ ಸಿಗಬೇಕು ಅನ್ನುವುದು ಅವರ ಆಸೆಯಾಗಿತ್ತು. ಆಸ್ಪತ್ರೆ ಅದನ್ನು ನಡೆಸಿಕೊಟ್ಟಿತು. ಫೌಂಡೇಶನ್ ಜೊತೆ ಸೇರಿ ಎಷ್ಟೋ ಜನರಿಗೆ ಅಲ್ಲಿ ಉಚಿತವಾಗಿ ಚಿಕಿತ್ಸೆ ಕೊಟ್ಟರು. 25,000 ಡಾಲರ್ ಒಂದು ಸಲ ಬಂದು ಖರ್ಚಾಗಿ ಹೋಗುವ ಹಣ. ಬಾಡಿಗೆ, ಔಷಧಿ ತಿಂಗಳು ತಿಂಗಳೂ ಬರುತ್ತವೆ. ಸರ್ಕಾರವೇ ಮಾಡಬೇಕಾದ ಎಷ್ಟೋ ಕೆಲಸ ಇಂಥವರ ಹೆಗಲ ಮೇಲೆ ಬಿದ್ದಿದೆ ಅನ್ನುವುದನ್ನೂ ಹೇಳಲೇಬೇಕು.

ಪ್ರಶಸ್ತಿಯೂ ಒಮ್ಮೆ ನಿಂತುಹೋಗುವುದರಲ್ಲಿತ್ತು. 2011ರಲ್ಲಿ ಆ ಸಂಸ್ಥೆಯೇ ತನ್ನ ಮುಂದಿನ ಬಜೆಟ್ಟಿನಲ್ಲಿ ಜಾಝ್ ಮಾಸ್ಟರ್ಸ್ ಕೈಬಿಟ್ಟು, ಎಲ್ಲ ಕಲೆಗಳಿಗೂ ಸೇರಿಸಿ ಒಂದೇ ಪ್ರಶಸ್ತಿ ಮಾಡುವ ಪ್ರಸ್ತಾಪ ಇಟ್ಟಿತು. ಜಾಝ್ ಜನ ಸುಮ್ನೆ ಕೂರಲಿಲ್ಲ. ಸಂಸತ್ತೂ ಒಪ್ಪಲಿಲ್ಲ. ಹಾಗಾಗಿ ಉಳಿಯಿತು. ಉಳಿದಿದ್ದಕ್ಕೆ 2025ರ ಪಟ್ಟಿಯಲ್ಲಿ ಮಾರ್ಷಲ್ ಅಲೆನ್ ಹೆಸರು ಬಂತು. 1982ರ ಸನ್ ರಾ ನೆನಪಿದೆಯಲ್ಲ, ಅವರ ತಂಡಕ್ಕೆ 1950ರ ದಶಕದಲ್ಲಿ ಸೇರಿದ ಸ್ಯಾಕ್ಸೊಫೋನ್ ವಾದಕ ಇವರು. ಸನ್ ರಾ ಹೋದ ಮೇಲೆ ಆ ತಂಡವನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು. ಪ್ರಶಸ್ತಿ ಸಿಗುವ ಹೊತ್ತಿಗೆ ಅವರಿಗೆ ನೂರು ವರ್ಷ ತುಂಬಿತ್ತು. ಆಗಲೂ ನುಡಿಸುತ್ತಿದ್ದರು.

ಬ್ರಿಟನ್ನಿನಲ್ಲೂ ಇಂಥದ್ದು ಇದೆ. ಅಲ್ಲಿ ಜಾಝ್ ಇಷ್ಟಪಡುವ ಸಂಸದರ ಒಂದು ಗುಂಪು 2005ರಿಂದ ಪಾರ್ಲಿಮೆಂಟರಿ ಜಾಝ್ ಅವಾರ್ಡ್ಸ್ ಕೊಡುತ್ತದೆ. ಅದರಲ್ಲಿ ಒಳ್ಳೆಯ ಜಾಗಕ್ಕೆ ಒಂದು, ಶಿಕ್ಷಣಕ್ಕೆ ಒಂದು ಅಂತ ಬೇರೆ ಬೇರೆ ವಿಭಾಗಗಳೇ ಇವೆ. ಇದು ನನಗೆ ಅಮೆರಿಕದ ಕ್ರಮಕ್ಕಿಂತ ಒಂದು ವಿಷಯದಲ್ಲಿ ಜಾಸ್ತಿ ಇಷ್ಟ. ಅಮೆರಿಕದಲ್ಲಿ ಕ್ಲಬ್ಬಿನವರು, ವಿಮರ್ಶಕರು, ಸಮಾಜಸೇವೆಯವರು ಎಲ್ಲ ಒಂದೇ ಸಾಲಿನಲ್ಲಿ ನಿಂತು ಕಾಯಬೇಕು. ವರ್ಷಕ್ಕೆ ಒಬ್ಬರಿಗೆ ಸಿಗುತ್ತದೆ. ಬ್ರಿಟನ್ನಿನಲ್ಲಿ ಊರಿನ ಸಣ್ಣ ಜಾಝ್ ಕ್ಲಬ್ಬಿಗೂ ತನ್ನದೇ ಒಂದು ಸಾಲು ಇದೆ.

ಎರಡೂ ಕಡೆ ಹೆಸರು ಸೂಚಿಸುವ ಅವಕಾಶ ಸಾಮಾನ್ಯ ಜನರಿಗೂ ಇದೆ. ಯಾರನ್ನು ಯಾಕೆ ಗೌರವಿಸಬೇಕು ಅಂತ ಕೇಳುಗರೂ ಬರೆದು ಕಳಿಸಬಹುದು. ನಮ್ಮಲ್ಲೂ ರಾಜ್ಯೋತ್ಸವ ಪ್ರಶಸ್ತಿ ಸಂಘ ಸಂಸ್ಥೆಗಳಿಗೆ ಸಿಗುವುದುಂಟು. ಇಲ್ಲಿರುವ ನಿಮ್ಮಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಒಂದೇ ಸಭಾಕ್ಕೆ ಹೋಗಿ ಸಂಗೀತ ಕೇಳಿದವರು. ಅದನ್ನು ನಡೆಸುತ್ತಿರುವವರು ಯಾರು, ಅವರು ಏನೇನು ಮಾಡಿದ್ದಾರೆ ಅಂತ ಎರಡು ಪುಟ ಬರೆದಿಡಿ. ಅವರು ಇರುವಾಗಲೇ ಬರೆದಿಡಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.