ಮೊದಲು ಒಣಗಿಸಿ, ಆಮೇಲೆ ಮುದ್ದು ಮಾಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನ. ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡದ್ದು ಇದೇ ದಿನ, ಅದಕ್ಕೇ ಈ ದಿನಾಂಕ. ಹೊರಗೆ ವರಾಂಡದಲ್ಲಿ ಲಸಿಕೆ ಹಾಕುತ್ತಿದ್ದಾರೆ. ನಿಮ್ಮ ಟೋಕನ್ ನಂಬರ್ ಕೂಗಿದರೆ ಎದ್ದು ಹೋಗಿ, ನಾನು ತಪ್ಪು ತಿಳಿಯುವುದಿಲ್ಲ. ನನ್ನ ಭಾಷಣ ತಪ್ಪಿದರೆ ನಷ್ಟ ಇಲ್ಲ, ಸೂಜಿ ತಪ್ಪಬಾರದು.

ನನಗೆ ಕೊಟ್ಟ ವಿಷಯ 'ಚಿಕ್ಕ ತಳಿಯ ನಾಯಿಗಳ ಲಕ್ಷಣ ಮತ್ತು ಆರೈಕೆ'. ನಲವತ್ತು ನಿಮಿಷದಲ್ಲಿ ಅಷ್ಟೆಲ್ಲ ಆಗುವ ಮಾತಲ್ಲ. ಒಂದೇ ತಳಿ ಹಿಡಿಯುತ್ತೇನೆ, ಶಿಟ್ಜು. ಒಳಗೆ ಬರುವಾಗ ಸಾಲು ನೋಡಿದೆನಲ್ಲ, ಎಲ್ಲಿ ನೋಡಿದರೂ ಅದೇ! ಹಿಂದೆ ಶಿವಮೊಗ್ಗದಲ್ಲಿ ಯಾರ ಮನೆ ಗೇಟು ತೆಗೆದರೂ ಬಿಳಿ ಪಾಮೇರಿಯನ್ ಬೊಗಳುತ್ತಿತ್ತು. ಆಮೇಲೆ ಮೊಬೈಲ್ ಕಂಪನಿಯೊಂದರ ಜಾಹೀರಾತು ಬಂತು, ಊರೆಲ್ಲ ಪಗ್. ಈಗ ಇದರ ಸರದಿ. ದುರ್ಗಿಗುಡಿಯಲ್ಲೂ ಇದೆ, ವಿನೋಬನಗರದಲ್ಲೂ ಇದೆ, ತೀರ್ಥಹಳ್ಳಿ ಕಡೆ ತೋಟದ ಮನೆ ಜಗಲಿಯಲ್ಲೂ ಇದೆ. ನನಗೆ ತಲೆಬಿಸಿ ಆಗಿರುವುದು ಆ ಜಗಲಿ ಮೇಲಿನದರ ಬಗ್ಗೆ.

ಯಾಕೆ ಅಂದರೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಲ್ಲಿ ಹಿಡಿದುಕೊಂಡರೆ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಬೆಂಕಿಕಡ್ಡಿ ಹೊತ್ತುವುದಿಲ್ಲ. ಅಂಥ ಕಡೆ ಉದ್ದ ಕೂದಲಿನ ಈ ಪ್ರಾಣಿ. ನನ್ನ ಇಡೀ ಉಪನ್ಯಾಸ ಒಂದೇ ಪದದಲ್ಲಿ ಹೇಳಿಬಿಡುತ್ತೇನೆ, ಎದ್ದು ಹೋಗುವವರಿಗೆ ಅನುಕೂಲ ಆಗಲಿ. ಒಣಗಿಸಿ.

ತಳಿಯ ಕಥೆ ಬೇಗ ಮುಗಿಸುತ್ತೇನೆ. ಮೂಲ ಟಿಬೆಟ್ ಕಡೆಯದು. ಬೆಳೆದದ್ದು ಚೀನಾದ ಅರಮನೆಯಲ್ಲಿ. 1908ರಲ್ಲಿ ತೀರಿಕೊಂಡ ರಾಜಮಾತೆ ಸಿಶಿಗೆ ಈ ನಾಯಿಗಳೆಂದರೆ ಪ್ರಾಣ. 1930ರಲ್ಲಿ ಇಂಗ್ಲೆಂಡ್ ಸೇರಿದವು. ಮೊದಮೊದಲು ಇವನ್ನೂ ಟಿಬೆಟ್ಟಿನದೇ ಇನ್ನೊಂದು ತಳಿಯಾದ ಲಾಸಾ ಆಪ್ಸೋಗಳನ್ನೂ ಒಂದೇ ಅಂದುಕೊಂಡಿದ್ದರು, 1934ರಲ್ಲಿ ಬೇರೆ ಮಾಡಿದರು. ಅಮೆರಿಕದ ಕೆನಲ್ ಕ್ಲಬ್ ಒಪ್ಪಿದ್ದು 1969ರಲ್ಲಿ. ಇವತ್ತಿನ ಶಿಟ್ಜುಗಳ ಬುಡ ಹುಡುಕುತ್ತಾ ಹೋದರೆ ಹದಿನಾಲ್ಕೇ ನಾಯಿಗಳಿಗೆ ಬಂದು ನಿಲ್ಲುತ್ತದೆ ಅನ್ನುತ್ತಾರೆ. ಅಷ್ಟು ಸಣ್ಣ ಸಂಸಾರ. ಕಿಡ್ನಿ ತೊಂದರೆ, ಮಂಡಿಚಿಪ್ಪು ಜಾರುವುದು, ಇವೆಲ್ಲ ವಂಶದಲ್ಲೇ ಬರಬಹುದು. ಮರಿ ತರುವಾಗ ತಾಯಿಯನ್ನಾದರೂ ಕಣ್ಣಾರೆ ನೋಡಿ.

ಇದಕ್ಕೆ ಬೇಟೆ ಗೊತ್ತಿಲ್ಲ. ನಮ್ಮ ಮುಧೋಳದ ಹಾಗೆ ಓಡುವುದಿಲ್ಲ. ಕಳ್ಳ ಬಂದರೆ ಬಾಲ ಅಲ್ಲಾಡಿಸಿ ಕಪಾಟು ತೋರಿಸುವ ಜಾತಿ. ಜನರ ಪಕ್ಕ ಕೂರುವುದೇ ಇದರ ಉದ್ಯೋಗ, ಅದನ್ನು ಮಾತ್ರ ಬಹಳ ಚೆನ್ನಾಗಿ ಮಾಡುತ್ತದೆ. ಮಕ್ಕಳ ಜೊತೆ ಹೊಂದಿಕೊಳ್ಳುತ್ತದೆ, ಸಣ್ಣ ಮನೆಗೆ ಸಾಕಾಗುತ್ತದೆ, ಜಾಸ್ತಿ ಬೊಗಳುವುದಿಲ್ಲ. ತೂಕ 4ರಿಂದ 7 ಕಿಲೋ. ಚೆನ್ನಾಗಿ ನೋಡಿಕೊಂಡರೆ ಹದಿಮೂರು ಹದಿನಾಲ್ಕು ವರ್ಷ ಬದುಕುತ್ತದೆ. ಆದರೆ ಅರಮನೆಯಲ್ಲಿ ಇದರ ಕೂದಲು ಬಾಚುವುದಕ್ಕೆ ಆಳುಗಳಿದ್ದರು. ಅರಮನೆ ಹೋಯಿತು, ಆಳುಗಳು ಹೋದರು, ಕೂದಲು ಉಳಿಯಿತು. ಆ ಕೆಲಸ ಈಗ ಯಾರದ್ದು? ಹಿಂದಿನ ಸಾಲಿನಲ್ಲಿ ಒಬ್ಬರು ಯಜಮಾನರು ಹೆಂಡತಿ ಮುಖ ನೋಡುತ್ತಿದ್ದಾರೆ. ಉತ್ತರ ಸಿಕ್ಕಿತು ಬಿಡಿ.

ಈಗ ನನ್ನ ಇಷ್ಟದ ಕಥೆಗೆ ಬರುತ್ತೇನೆ. ಕೆಲವರು ಇದನ್ನು ಮೊದಲೇ ಕೇಳಿದ್ದೀರಿ, ಸಹಿಸಿಕೊಳ್ಳಿ.

ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಅಲ್ವಾ, ಬೇಜಾರು ಅಂತ ಒಂದು ಶಿಟ್ಜು ಮರಿ ತಂದ. ಆಫೀಸಿಗೆ ವಾಪಸ್ ಕರೆದಾಗ ಮರಿಯನ್ನು ತಂದು ಅಪ್ಪ ಅಮ್ಮನ ಹತ್ತಿರ ಬಿಟ್ಟ. "ಒಂದು ತಿಂಗಳು ನೋಡ್ಕೊಳಿ" ಅಂದನಂತೆ. ಆ ತಿಂಗಳು ಇನ್ನೂ ಮುಗಿದಿಲ್ಲ.

ಆ ಮನೆಯ ಅಮ್ಮ ಬಹಳ ಶುಚಿ. ನಾಯಿ ಜಗಲಿ ದಾಟಿ ನಡುಮನೆಗೆ ಬರುತ್ತದೆ ಅಂದರೆ ಸ್ನಾನ ಆಗಿಯೇ ಬರಬೇಕು. ಸರಿ, ದಿನಾ ಬಚ್ಚಲಲ್ಲಿ ಹಂಡೆ ನೀರು. ಮೇಲಿಂದ ಒಂದು ಬಟ್ಟೆಯಲ್ಲಿ ಒರೆಸಿ ಬಿಟ್ಟುಬಿಡುವುದು. ಜುಲೈ ತಿಂಗಳು. ವಾಸನೆ ಶುರುವಾಯಿತು. ವಾಸನೆ ಬಂತು ಅಂತ ದಿನಕ್ಕೆ ಎರಡು ಸ್ನಾನ. ವಾಸನೆ ಇನ್ನೂ ಜಾಸ್ತಿ ಆಯಿತು. ಕೊನೆಗೆ ಕಂಬಳಿ ಸುತ್ತಿ ನನ್ನ ಹತ್ತಿರ ತಂದರು. "ಎಂತ ಮಾಡೂದು ಡಾಕ್ಟ್ರೇ, ಎಷ್ಟು ತೊಳೆದ್ರೂ ಹೋಗುದಿಲ್ಲ ಮಾರಾಯ್ರೇ. ಈಗ ಬರುವಾಗಲೂ ತೊಳೆದೇ ತಂದದ್ದು."

ಮೇಜಿನ ಮೇಲೆ ನಿಲ್ಲಿಸಿ ಬೆನ್ನಿನ ಕೂದಲಲ್ಲಿ ಬೆರಳು ಹಾಕಿದೆ. ಒಳಗೆ ಹೋಗಲಿಲ್ಲ. ಶಿಟ್ಜುಗೆ ಕೂದಲು ಎರಡು ಪದರ. ಮೇಲಿನದು ಉದ್ದ, ಒಳಗಿನದು ಮೆತ್ತಗೆ, ದಟ್ಟ. ಆ ಒಳಪದರ ಒದ್ದೆಯಾಗಿ, ಒಣಗದೆ, ಮತ್ತೆ ಒದ್ದೆಯಾಗಿ ಪೂರ್ತಿ ಜಡೆಗಟ್ಟಿತ್ತು. ಮಷಿನ್ ಹಿಡಿದು ಬೋಳಿಸಿದರೆ ಇಡೀ ಕೂದಲು ಒಂದೇ ಹಾಳೆಯಾಗಿ ಎದ್ದು ಬಂತು. ಅದರ ಕೆಳಗೆ ಚರ್ಮ ಕೆಂಪಗೆ, ಅಂಟಂಟು. ಕಂಕುಳಲ್ಲಿ, ಕಿವಿ ಹಿಂದೆ ಹುಣ್ಣು. ಕಿವಿಯೊಳಗೆ ಕಂದು ಬಣ್ಣದ ಜಿಡ್ಡು. ಕಾಲ್ಬೆರಳ ಸಂದಿಯಲ್ಲಿ ಉಣುಗು, ಒಂದರ ಪಕ್ಕ ಒಂದು. ಪಾಪ, ಅದು ಅಷ್ಟು ದಿನ ಕುಯ್ಯೋ ಅನ್ನದೆ ಬಾಲ ಅಲ್ಲಾಡಿಸಿಕೊಂಡೇ ಇತ್ತು. ಬೋಳಿಸಿ ಮುಗಿಸಿದ ಮೇಲೆ ಅಮ್ಮ ಅದನ್ನು ನೋಡಿ ಹೌಹಾರಿದರು. "ಅಯ್ಯೋ, ನಮ್ಮ ನಾಯಿ ಅರ್ಧ ಎಲ್ಲಿ ಹೋಯ್ತು?"

ಅವರ ಯಜಮಾನರು ಅಷ್ಟು ಹೊತ್ತೂ ಬಾಗಿಲ ಹತ್ತಿರ ನಿಂತಿದ್ದರು. ನಾಯಿ ಮುಟ್ಟುವವರಲ್ಲ. ಎಲೆ ಅಡಿಕೆ ಜಗಿಯುತ್ತಾ ಸುಮ್ನೆ ನೋಡುತ್ತಿದ್ದರು. ನಾನು ಅವರ ಕಡೆ ತಿರುಗಿ ಕೇಳಿದೆ. "ರಾಯರೇ, ಅಡಿಕೆ ಮೇಲೆ ಒಣಗಿ ಒಳಗೆ ಹಸಿ ಇದ್ದರೆ ಮೂಟೆ ಕಟ್ಟುತ್ತೀರಾ?" ಅವರು ನನ್ನನ್ನು ನೋಡಿದ ರೀತಿ! "ಬೂಸ್ಟು ಬರ್ತದಲ್ಲ ಡಾಕ್ಟ್ರೇ" ಅಂದರು. ಇದೂ ಅದೇ ಅಂದೆ. ಅಷ್ಟೇ ನನ್ನ ಚಿಕಿತ್ಸೆ. ಮುಲಾಮು, ಮಾತ್ರೆ ಎಲ್ಲ ಆಮೇಲಿನದು.

ಮುಂದಿನ ಮಳೆಗಾಲದಲ್ಲಿ ಅವರ ಮನೆಗೆ ದನ ನೋಡಲು ಹೋಗಿದ್ದೆ. ಬಚ್ಚಲ ಒಲೆಯಿಂದ ಎರಡು ಮಾರು ದೂರದಲ್ಲಿ ಮಣೆ ಹಾಕಿಕೊಂಡು ರಾಯರು ಕೂತಿದ್ದಾರೆ. ತೊಡೆ ಮೇಲೆ ಹಳೇ ಪಂಚೆ, ಪಂಚೆ ಮೇಲೆ ನಾಯಿ. ಕೂದಲನ್ನು ಸೀಳು ಸೀಳಾಗಿ ಬಿಡಿಸಿ, ಬುಡಕ್ಕೆ ಬೆರಳು ಒತ್ತಿ ನೋಡುತ್ತಿದ್ದಾರೆ. ಒದ್ದೆ ತಾಗಿದರೆ ಮತ್ತೆ ಪಂಚೆ. ನನ್ನನ್ನು ಕಂಡು ಸ್ವಲ್ಪ ನಾಚಿಕೆಯೂ ಆಯಿತು ಅವರಿಗೆ. "ಇನ್ನೂ ಹಸಿ ಉಂಟು" ಅಂತ ಗಂಭೀರವಾಗಿ ಹೇಳಿದರು. ನಾನು ಓದಿ ಪಾಸಾದ ಪುಸ್ತಕದಲ್ಲಿ ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ.

ಹಾಗಾಗಿ ರಾಯರ ಪದ್ಧತಿಯನ್ನೇ ಹೇಳುತ್ತೇನೆ. ಮಳೆಗಾಲದಲ್ಲಿ ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಸ್ನಾನಕ್ಕೆ ಮುಂಚೆ ಬಾಚಿ. ಗಂಟಿನ ಮೇಲೆ ನೀರು ಬಿದ್ದರೆ ಗಂಟು ಇನ್ನೂ ಬಿಗಿಯಾಗುತ್ತದೆ. ನಿಮ್ಮ ಶಾಂಪೂ ಬೇಡ, ನಾಯಿಯ ಚರ್ಮವೇ ಬೇರೆ. ಸೋಪು ಪೂರ್ತಿ ಹೋಗುವ ತನಕ ತೊಳೆದು, ಹಿಂಡಿ, ಟವೆಲ್‌ನಲ್ಲಿ ಒತ್ತಿ. ಉಜ್ಜಬೇಡಿ, ಉಜ್ಜಿದರೆ ಮತ್ತೆ ಗಂಟು. ಆಮೇಲೆ ಡ್ರೈಯರ್, ಬಿಸಿ ಕಡಿಮೆ ಇಟ್ಟು, ಬುಡದಿಂದ. ಕರೆಂಟ್ ಇಲ್ಲವಾ, ಒಲೆ ಇದೆಯಲ್ಲ. ತೀರಾ ಹತ್ತಿರ ಬೇಡ. ಇನ್ನುಳಿದ ದಿನ ಹೊರಗೆ ಹೋಗಿ ಬಂದಾಗೆಲ್ಲ ನಾಲ್ಕು ಕಾಲು, ಹೊಟ್ಟೆ ಒರೆಸಿ. ಇದರ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರ ನೋಡಿ, ಅಂಗಳದ ಹುಲ್ಲಿನ ನೀರೆಲ್ಲ ಅಲ್ಲಿಗೇ. ಬೆರಳ ಸಂದಿಯಲ್ಲಿ ಇಂಬಳ ಇದ್ದರೂ ಆಗಲೇ ಗೊತ್ತಾಗುತ್ತದೆ. ಪ್ರದರ್ಶನಕ್ಕೆ ಒಯ್ಯದವರು ಉದ್ದ ಕೂದಲಿನ ಆಸೆ ಬಿಡಿ. ಮೇ ಕೊನೆಗೆ ಒಂದಂಗುಲಕ್ಕೆ ಕತ್ತರಿಸಿ. ಮರಿಗೆ ವರ್ಷ ತುಂಬುವ ಹೊತ್ತಿಗೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುತ್ತದೆ. ಗಂಟು ಅತಿ ಜಾಸ್ತಿ ಆಗುವುದು ಆಗ. ಆಗ ದಿನಾ ಬಾಚಲೇಬೇಕು.

ಉಣುಗಿನ ವಿಷಯ. ನಮ್ಮ ಜಿಲ್ಲೆಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಣುಗು ಕಚ್ಚಿ ಜನರಿಗೆ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆ ಮುಗಿದ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ, ಅದರ ಕಾಲ. ನಾಯಿಯನ್ನು ಕಾಡಿನ ಅಂಚಿಗೆ, ಸೊಪ್ಪಿನ ಬೆಟ್ಟಕ್ಕೆ ಕರೆದುಕೊಂಡು ಹೋದರೆ ಅದು ಕಾಡಿನ ಉಣುಗನ್ನು ಮನೆಗೆ ಹೊತ್ತು ತರುತ್ತದೆ. ಉದ್ದ ಕೂದಲಿದ್ದರೆ ನಿಮಗೆ ಕಾಣುವುದೂ ಇಲ್ಲ. ನಾಯಿಗೇ ಬರುವ ಉಣುಗಿನ ಜ್ವರ ಬೇರೆ. ಊಟ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವಕ್ಕೆ ಮೂಗಲ್ಲಿ ರಕ್ತ, ಕೆಲವಕ್ಕೆ ಮೂತ್ರ ಕಪ್ಪು. ಆಗ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಉಣುಗು ಕಂಡರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಇವು ಬೇಡ.

ಇನ್ನೊಂದು ಮಾತು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ದನಕ್ಕೆ ತಂದ ಉಣುಗಿನ ಔಷಧಿಯನ್ನು ಇದರ ಮೇಲೆ ಸುರಿಯಬೇಡಿ. ಮುನ್ನೂರು ಕಿಲೋ ದನಕ್ಕೆ ಎಂದು ಮಾಡಿದ್ದು ಅದು, ನಿಮ್ಮ ನಾಯಿ ಐದು ಕಿಲೋ. "ಸ್ವಲ್ಪವೇ ಹಾಕಿದ್ದು ಡಾಕ್ಟ್ರೇ" ಅನ್ನುತ್ತಾರೆ. ಆ ಸ್ವಲ್ಪ ಎಷ್ಟು ಅಂತ ಕೇಳಿದರೆ ಮುಚ್ಚಳ ತೋರಿಸುತ್ತಾರೆ. ಎಲ್ಲ ಔಷಧಿಗೂ ಇದೇ ಮಾತು. ತೂಕ ನೋಡದೆ ಮಾತ್ರೆ ಇಲ್ಲ. ಮನೆಯಲ್ಲಿರುವ ನೋವಿನ ಮಾತ್ರೆಯಂತೂ ಬೇಡವೇ ಬೇಡ. ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ ಕಲಸುವಾಗ ನಾಯಿ ಕಟ್ಟಿಹಾಕಿ. ಡ್ರಮ್ಮಿನ ಪಕ್ಕದ ನೀರು ನೆಕ್ಕಿದರೆ ಕಷ್ಟ.

ಮುಖದ ಬಗ್ಗೆ. ಇದರ ಮೂಗು ಗಿಡ್ಡ, ಕಣ್ಣಿನ ಗುಳಿ ಆಳ ಇಲ್ಲ. ಹಾಗಾಗಿ ಕಣ್ಣು ಹೊರಗೇ ಇದ್ದ ಹಾಗಿರುತ್ತದೆ. ದೊಡ್ಡ ನಾಯಿ ಕುತ್ತಿಗೆ ಹಿಡಿದು ಕುಲುಕಿದರೆ ಗುಡ್ಡೆ ಈಚೆಗೇ ಬಂದುಬಿಡಬಹುದು. ಹಾಗಾದರೆ ಒದ್ದೆ ಶುದ್ಧ ಬಟ್ಟೆ ಮುಚ್ಚಿ ಓಡಿ ಬನ್ನಿ, ನೀವೇ ಒತ್ತಲು ಹೋಗಬೇಡಿ. ಕುತ್ತಿಗೆಗೆ ಬೆಲ್ಟ್ ಬೇಡ, ಎದೆಗೆ ಹಾಕುವ ಹಾರ್ನೆಸ್ ಹಾಕಿ. ಕಣ್ಣಿಗೆ ಬೀಳುವ ಕೂದಲು ಕತ್ತರಿಸಿ ಅಥವಾ ಜುಟ್ಟು ಕಟ್ಟಿ. ಕಣ್ಣು ಮುಚ್ಚಿಕೊಂಡು ನೀರು ಸುರಿಸುತ್ತಿದ್ದರೆ ಅಜ್ಜನಿಗೆ ತಂದ ಕಣ್ಣಿನ ಹನಿ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಕಣ್ಣಿನ ಮೇಲೆ ಗಾಯ ಇದ್ದರೆ, ಕಣ್ಣೇ ಹೋಗಬಹುದು. ಕಣ್ಣಿನ ಕೆಳಗೆ ಮುಖದ ಕೂದಲು ಸದಾ ಒದ್ದೆ ಇದ್ದರೂ ಚರ್ಮ ಕೊಳೆಯುತ್ತದೆ. ಅಲ್ಲಿಗೂ ನನ್ನ ಔಷಧಿ ನಿಮಗೆ ಗೊತ್ತು. ಒಣಗಿಸಿ.

ಗಿಡ್ಡ ಮೂಗಿನ ಇನ್ನೊಂದು ಕಷ್ಟ ಬೇಸಿಗೆ. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದು ಏದುಸಿರಿನಲ್ಲಿ. ಇದಕ್ಕೆ ಗಾಳಿ ಹೋಗುವ ದಾರಿಯೇ ಕಿರಿದು. ಏಪ್ರಿಲ್ ಮಧ್ಯಾಹ್ನ ಗಾಂಧಿ ಬಜಾರಿನಲ್ಲಿ ಕಾರು ನಿಲ್ಲಿಸಿ, ಕಿಟಕಿ ಅರ್ಧ ಇಳಿಸಿದ್ದೇನೆ ಅಂತ ನಾಯಿ ಬಿಟ್ಟು ಹೋಗಬೇಡಿ. ನಾಲಿಗೆ ಕಡುಗೆಂಪಾಗಿ, ತೂರಾಡಿದರೆ ನೆರಳಿಗೆ ತಂದು ಮೈಗೆಲ್ಲ ಸಾದಾ ನೀರು ಹಾಕಿ, ಫ್ಯಾನ್ ಹಚ್ಚಿ, ತಕ್ಷಣ ಆಸ್ಪತ್ರೆಗೆ ತನ್ನಿ. ಆಗ ಒದ್ದೆ ಮಾಡಬಹುದು. ನಾನು ಅಷ್ಟೊಂದು ಹಟಮಾರಿ ಅಲ್ಲ.

ಚೀಟಿ ಬಂತು. ಇನ್ನು ಐದು ನಿಮಿಷವಂತೆ. ಊಟ, ಹಲ್ಲು, ತರಬೇತಿ, ಮರಿ ಹಾಕಿಸುವುದು ಅಂತ ಬರೆದುಕೊಂಡು ಬಂದಿದ್ದೆ. ಓಡಿಸುತ್ತೇನೆ.

ಊಟಕ್ಕೆ ಬರೀ ಅನ್ನ ಮೊಸರು ಸಾಲದು. ಮೊಟ್ಟೆ, ಕೋಳಿ ಇಲ್ಲದ ಮನೆಯವರು ಒಳ್ಳೆಯ ನಾಯಿ ಆಹಾರದ ಚೀಲ ತನ್ನಿ, ಚೀಲದ ಮೇಲೆ ಏನು ಬರೆದಿದೆ ಅಂತ ಅಜ್ಜಿಗೆ ಓದಿ ಹೇಳಬೇಡಿ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ ಬೇಡ. ಪ್ರಸಾದದ ಒಣದ್ರಾಕ್ಷಿಯೂ ಬೇಡ, ಕಿಡ್ನಿ ಹೋಗಬಹುದು. ಹಲಸಿನ ಬೀಜ ನುಂಗಿದರೆ ಕರುಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಸಣ್ಣ ದವಡೆಯಲ್ಲಿ ಹಲ್ಲು ಒತ್ತಾಗಿರುತ್ತವೆ, ಮರಿಯಿಂದಲೇ ನಾಯಿ ಪೇಸ್ಟ್ ಹಾಕಿ ಉಜ್ಜಿ. ಎರಡು ತಿಂಗಳು ತುಂಬದ ಮರಿ ಕೊಳ್ಳಬೇಡಿ, ಮಾರುವುದೇ 2017ರ ನಿಯಮದ ಪ್ರಕಾರ ತಪ್ಪು. ಇಲಿಜ್ವರದ ಲಸಿಕೆ ಗದ್ದೆ ಪಕ್ಕದವರು ತಪ್ಪಿಸಬೇಡಿ. ರಾತ್ರಿ ಅಂಗಳದಲ್ಲಿ ಕಟ್ಟಬೇಡಿ, ಚಿರತೆ ತಳಿ ಕೇಳುವುದಿಲ್ಲ.

ರೇಬೀಸ್ ಬಗ್ಗೆ ಒಂದೇ ಮಾತು. "ನಮ್ಮದು ಮನೆ ಬಿಟ್ಟು ಹೋಗೋದೇ ಇಲ್ಲ" ಅನ್ನುವವರಿಗೆ. ಅದು ಹೋಗುವುದಿಲ್ಲ ಸರಿ, ಬೀದಿ ನಾಯಿ ನಿಮ್ಮ ಜಗಲಿಗೆ ಬರುವುದಿಲ್ಲವಾ? ಮೂರು ತಿಂಗಳಿಗೆ ಮೊದಲ ಸೂಜಿ, ಆಮೇಲೆ ವೈದ್ಯರು ಹೇಳಿದ ಹಾಗೆ ವರ್ಷ ವರ್ಷ. ಯಾವ ನಾಯಿ ಕಚ್ಚಿದರೂ, ಮುದ್ದಿನದ್ದೇ ಆಗಲಿ, ಹಲ್ಲು ತಾಗಿದ ಜಾಗವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮಾಡುವುದು ಏನೂ ಉಳಿದಿರುವುದಿಲ್ಲ.

ಪ್ರಶ್ನೆಗಳಿಗೆ ಇಲ್ಲಿ ಹೊತ್ತಿಲ್ಲ, ನಾನು ಹೊರಗೆ ಲಸಿಕೆ ಮೇಜಿನ ಹತ್ತಿರವೇ ಇರುತ್ತೇನೆ. ನಾಯಿಯನ್ನೂ ಕರೆದುಕೊಂಡು ಬನ್ನಿ, ಕಿವಿ ಎತ್ತಿ ನೋಡೋಣ. ಟೋಕನ್ ತೆಗೆದುಕೊಳ್ಳದವರು ಬಾಗಿಲ ಎಡಗಡೆ ಹೆಸರು ಬರೆಸಿ, ಒಂದು ಗಂಟೆಗೆ ಮುಚ್ಚುತ್ತಾರಂತೆ.