ಕೊನೆಯ ತುತ್ತಿಗೂ ಹಾಸಿಗೆಗೂ ನಡುವೆ ಮೂರು ಗಂಟೆ

ಕೇಳುಗರೆಲ್ಲರಿಗೂ ನಮಸ್ಕಾರ. ಮಕ್ಕಳ ಎದೆಯುರಿ, ಹುಳಿತೇಗು, ಹೊಟ್ಟೆನೋವಿನ ಬಗ್ಗೆ ಮಾತಾಡಲು ಕರೆದಿದ್ದಾರೆ. ಶಾಲೆಗೆ ಹೋಗುವ ಮಕ್ಕಳಿರುವ ಅಪ್ಪ ಅಮ್ಮಂದಿರೇ, ನಿಮಗೆ ನಾನು ಹೇಳುವುದು ಒಂದೇ ಮಾತು. ರಾತ್ರಿ ಕೊನೆಯ ತುತ್ತು ಹೊಟ್ಟೆಗೆ ಬಿದ್ದ ಮೇಲೆ ಮೂರು ಗಂಟೆ ಮಗು ಮಲಗಬಾರದು.

ಯಾಕೆ ಅಂತೀರಾ? ಅನ್ನನಾಳ ಜಠರಕ್ಕೆ ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಉಂಗುರ ಇದೆ. ನುಂಗುವಾಗ ತೆರೆಯುತ್ತದೆ, ಆಮೇಲೆ ಬಿಗಿಯಾಗುತ್ತದೆ. ಹೊಟ್ಟೆ ತುಂಬಿರುವಾಗ ಅದು ಆಗಾಗ ಸಡಿಲವಾಗುವುದೂ ಉಂಟು. ಮುಚ್ಚಳ ಸಡಿಲವಿರುವ ಬಾಟಲಿ ನಿಂತಿದ್ದರೆ ಸೋರುವುದಿಲ್ಲ, ಅಡ್ಡ ಮಲಗಿಸಿದರೆ ಸೋರುತ್ತದೆ. ಇಲ್ಲೂ ಅಷ್ಟೇ. ಅದೂ ಅಲ್ಲದೆ ನಿದ್ದೆಯಲ್ಲಿ ಜೊಲ್ಲು ಕಡಿಮೆ, ನುಂಗುವುದೂ ಕಡಿಮೆ. ಮೇಲೆ ಬಂದ ಆಮ್ಲ ಅಲ್ಲೇ ನಿಂತು ಸುಡುತ್ತದೆ.

ಹದಿನಾಲ್ಕು ವರ್ಷದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನಿಗೆ ಎದೆಯುರಿಯೇ ಇರಲಿಲ್ಲ, ಇದ್ದದ್ದು ಕೆಮ್ಮು. ಹಗಲೆಲ್ಲ ಆಟ ಆಡಿಕೊಂಡಿರುವ ಹುಡುಗ, ಮಲಗಿ ಒಂದು ಗಂಟೆಯೊಳಗೆ ಕೆಮ್ಮುತ್ತಾ ಎದ್ದು ಕೂರುತ್ತಿದ್ದ. ಸಿರಪ್ ಆಯಿತು, ಇನ್ಹೇಲರ್ ಆಯಿತು, ಎಕ್ಸ್‌ರೇ ಆಯಿತು. ಕೊನೆಗೆ ಸುಳಿವು ಸಿಕ್ಕಿದ್ದು ಹಲ್ಲಿನ ಡಾಕ್ಟರಿಗೆ! ಮೇಲಿನ ಮುಂದಿನ ಹಲ್ಲುಗಳ ಒಳಮೈ, ನಾಲಿಗೆ ತಾಗುವ ಕಡೆ, ಸವೆದು ನುಣ್ಣಗೆ ಹೊಳೆಯುತ್ತಿತ್ತು. ಹೊಟ್ಟೆಯ ಆಮ್ಲ ಬಾಯಿಯವರೆಗೂ ಬರುತ್ತಿದೆಯೇನೋ ಎಂದು ಅನುಮಾನಪಟ್ಟು ನನ್ನ ಹತ್ತಿರ ಕಳಿಸಿದರು.

ಊಟ ಎಷ್ಟು ಹೊತ್ತಿಗೆ ಎಂದು ಕೇಳಿದೆ. ತಾಯಿ ಹೆಮ್ಮೆಯಿಂದ "ಏಳೂವರೆಗೆಲ್ಲ ಮುಗಿಯುತ್ತೆ ಡಾಕ್ಟ್ರೇ, ಮಲಗೋದು ಹತ್ತೂವರೆಗೆ" ಅಂದರು. ಲೆಕ್ಕ ಸರಿಯಾಗಿಯೇ ಇತ್ತು. ಹುಡುಗನನ್ನೇ ಕೇಳಿದೆ: ಊಟ ಆದಮೇಲೆ ಏನೇನು ಮಾಡ್ತೀಯಪ್ಪಾ, ಒಂದೊಂದಾಗಿ ಹೇಳು. ಓದು, ಮೊಬೈಲು, ಹಲ್ಲುಜ್ಜುವುದು ಎಲ್ಲ ಹೇಳಿ, ಕೊನೆಗೆ "ಅಮ್ಮ ಕೊಡೋ ಚಾಕೊಲೇಟ್ ಹಾಲು, ದೊಡ್ಡ ಲೋಟ, ಹಾಸಿಗೇಲೇ ಕುಡೀತೀನಿ" ಅಂದ. ತಾಯಿ ತಕ್ಷಣ "ಅದು ಊಟ ಅಲ್ವಲ್ಲ" ಅಂದರು. ಹೊಟ್ಟೆಗೆ ಅದೂ ಊಟವೇ ತಾಯಿ! ಕೆನೆಹಾಲು ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ, ಚಾಕೊಲೇಟು ಆ ಉಂಗುರವನ್ನು ಇನ್ನಷ್ಟು ಸಡಿಲ ಮಾಡಬಹುದು. ಹಾಲನ್ನು ಸಂಜೆಗೆ ತಂದರು. ಕೆಲವೇ ವಾರಗಳಲ್ಲಿ ಕೆಮ್ಮು ನಿಂತಿತು. ಸವೆದ ಹಲ್ಲು ಮಾತ್ರ ಮತ್ತೆ ಬೆಳೆಯಲಿಲ್ಲ, ಬೆಳೆಯುವುದೂ ಇಲ್ಲ.

ಹಾಗಾಗಿ ಮತ್ತೆ ಹೇಳುತ್ತೇನೆ, ಗಡಿಯಾರ ನೋಡಬೇಕಾದ್ದು ಊಟ ಮುಗಿದಾಗ ಅಲ್ಲ, ಕೊನೆಯ ತುತ್ತಿಗೆ. ಬಿಸ್ಕೆಟ್, ಹಾಲು, ಚಿಪ್ಸ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನೀರಾದರೆ ಪರವಾಗಿಲ್ಲ. "ನಮ್ಮ ಮನೇಲಿ ಆಗಲ್ಲ, ಒಂದು ಮಾತ್ರೆ ಬರೆದುಕೊಡಿ" ಅನ್ನುವವರು ಬಹಳ. ದಯವಿಟ್ಟು ಮೊದಲು ಇದನ್ನು ಮಾಡಿ ನೋಡಿ. ಸಂಜೆಯೇ ಹೊಟ್ಟೆ ತುಂಬ ಬಡಿಸಿ, ರಾತ್ರಿಗೆ ಏನೂ ಉಳಿಸಬೇಡಿ.

ಹಾಲು ಕುಡಿಯುವ ಕೂಸುಗಳಿಗೆ ಈ ನಿಯಮ ಬೇಡ. ಅವು ಕಕ್ಕುವುದು ಸಹಜ, ಚೆನ್ನಾಗಿ ತೂಕ ಏರುತ್ತಿದ್ದರೆ ಹೆಚ್ಚಿನವಕ್ಕೆ ಒಂದು, ಒಂದೂವರೆ ವರ್ಷದೊಳಗೆ ತಾನೇ ನಿಲ್ಲುತ್ತದೆ. ಅಂಗಾತವೇ ಮಲಗಿಸಿ, ದಿಂಬು ಕೊಡಬೇಡಿ.

ಹರೆಯದವರಿಗೆ ಒಂದು ಮಾತು. ಮೊಡವೆಗೆಂದು ಕೊಡುವ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಅದು ಅನ್ನನಾಳದಲ್ಲೇ ಸಿಕ್ಕಿಕೊಂಡು ಹುಣ್ಣು ಮಾಡಬಹುದು. ಲೋಟ ತುಂಬ ನೀರು ಕುಡಿದು, ಕನಿಷ್ಠ ಅರ್ಧ ಗಂಟೆ ನೆಟ್ಟಗೆ ಕೂತಿರಿ.

ಹೊಟ್ಟೆನೋವಿಗೆಲ್ಲ ಆಮ್ಲವೇ ಕಾರಣವಲ್ಲ. ಹೊಕ್ಕುಳ ಸುತ್ತ ನೋವು ಅನ್ನುವ ಮಗುವಿಗೆ ಮಲಬದ್ಧತೆ ಇದೆಯಾ, ಕೇಳಿ.

ಹಸಿರು ವಾಂತಿ, ರಕ್ತ ವಾಂತಿ, ಕಪ್ಪು ಮಲ ಕಂಡರೆ ತಡಮಾಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನುಂಗಲು ಕಷ್ಟವಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರಿಗೆ ತೋರಿಸಿ. ನಮಸ್ಕಾರ.